ಮೂರು ಫೇಸ್ ಮೋಟರ್, ಮೂರು ಕೋರ್ ಕೇಬಲ್: ನಾಲ್ಕನೇ ವೈರ್ ಎಲ್ಲಿ ಹೋಯಿತು?

ಇಳಕಲ್: ಮಳೆಗಾಲ ಬಂತೆಂದರೆ ನಾಲ್ಕು ಸಾಲಿನ ಒಂದು ಸುದ್ದಿ ಯಾವುದಾದರೂ ತಾಲೂಕಿನಿಂದ ಬರುತ್ತಲೇ ಇರುತ್ತದೆ. 'ವಿದ್ಯುತ್ ತಗುಲಿ ಕಾರ್ಮಿಕ ಸಾವು.' ಹೆಸರು, ವಯಸ್ಸು, ಊರು, ಠಾಣೆಯಲ್ಲಿ ಪ್ರಕರಣ ದಾಖಲಾಗಿದೆ. ಅಲ್ಲಿಗೆ ಮುಗೀತು. ಮೋಟರಿಗೆ ಯಾವ ಕೇಬಲ್ ಹಾಕಿದ್ದರು, ಅದರೊಳಗೆ ಅರ್ಥಿಂಗ್ ವೈರ್ ಇತ್ತೋ ಇಲ್ಲವೋ, ಬೋರ್ಡಿನಲ್ಲಿ ಟ್ರಿಪ್ ಆಗೋ ಸಾಮಾನು ಯಾಕೆ ಟ್ರಿಪ್ ಆಗಲಿಲ್ಲ ಅನ್ನೋದು ಸುದ್ದಿಯಲ್ಲೂ ಇರೋದಿಲ್ಲ, ಸಾಮಾನ್ಯವಾಗಿ ಪಂಚನಾಮೆಯಲ್ಲೂ ಇರೋದಿಲ್ಲ. 'ಆಕಸ್ಮಿಕ' ಅನ್ನೋ ಒಂದೇ ಪದ ಎಲ್ಲವನ್ನೂ ಮುಚ್ಚಿಬಿಡುತ್ತದೆ. ಮಳೆ ಜೋರಾಗೋ ಮೊದಲು ಆ ಪದದ ಒಳಗೆ ಏನಿದೆ ಅಂತ ನೋಡಬೇಕಾಗಿದೆ.

ಇಳಕಲ್ ಅಂದರೆ ಹೊರಗಿನವರಿಗೆ ಸೀರೆ. ಇಲ್ಲಿಯವರಿಗೆ ಸೀರೆ ಎಷ್ಟೋ ಕಲ್ಲೂ ಅಷ್ಟೇ. ಇಲ್ಲಿನ ಕೆಂಪು ಗ್ರಾನೈಟ್ ತೆಗೆಯೋ ಕ್ವಾರಿಗಳು, ಅದನ್ನು ಸೀಳಿ ಪಾಲಿಶ್ ಮಾಡೋ ಘಟಕಗಳು ಇಲ್ಲೂ ಇವೆ, ಪಕ್ಕದ ಕುಷ್ಟಗಿ ಕಡೆಯೂ ಇವೆ. ಬೇರೆ ಫ್ಯಾಕ್ಟರಿಗೂ ಕಲ್ಲಿನ ಕೆಲಸಕ್ಕೂ ಒಂದು ವ್ಯತ್ಯಾಸ ಇದೆ. ಹಿಟ್ಟಿನ ಗಿರಣಿಯಲ್ಲಿ ಮೋಟರ್ ಬೋಲ್ಟ್ ಹಾಕಿಸಿಕೊಂಡು ಕೂತಲ್ಲೇ ಕೂತಿರುತ್ತದೆ. ಕಲ್ಲಿನ ಕೆಲಸದಲ್ಲಿ ಮೋಟರ್ ನಡೆದಾಡುತ್ತದೆ. ಕ್ವಾರಿಯ ವೈರ್ ಸಾ ಮಷಿನ್ ಹಳಿಯ ಮೇಲೆ ನಿಂತಿರುತ್ತದೆ, ಕಲ್ಲು ಸೀಳುತ್ತಾ ಹೋದಂಗೆ ಅದು ಹಿಂದೆ ಹಿಂದೆ ಸರಿಯುತ್ತದೆ. ಅದರ ಜೊತೆ ಕೇಬಲ್ಲೂ ನೆಲದ ಮೇಲೆ ಎಳೆದಾಡುತ್ತದೆ. ನೆಲ ಅಂದರೆ ಮಣ್ಣಲ್ಲ, ಆಗಷ್ಟೇ ಕೊಯ್ದ ಕಲ್ಲಿನ ಅಂಚು. ಮೇಲಿಂದ ಸದಾ ನೀರು. ಪಾಲಿಶ್ ಘಟಕದಲ್ಲಿ ಪಾಲಿಶ್ ಹೆಡ್ ದಿನವಿಡೀ ಅತ್ತಿಂದಿತ್ತ ಓಡಾಡುತ್ತದೆ, ಕೇಬಲ್ ಸಾವಿರ ಸಲ ಬಾಗುತ್ತದೆ.

ಹಿಂಗಾಗಿ ಇಲ್ಲಿ ಫ್ಲೆಕ್ಸಿಬಲ್ ಕೇಬಲ್ ಬೇಕೇ ಬೇಕು. ಕಬ್ಬಿಣದ ತಂತಿ ಸುತ್ತಿದ ಆರ್ಮರ್ಡ್ ಕೇಬಲ್ ಹಾಕಿದರೆ ಸ್ವಲ್ಪ ದಿನದಲ್ಲೇ ಒಳಗೆ ಮುರಿಯುತ್ತದೆ. ಫ್ಲೆಕ್ಸಿಬಲ್ ಹಾಕಿದ್ದು ತಪ್ಪಲ್ಲ. ಯಾವ ಫ್ಲೆಕ್ಸಿಬಲ್, ಎಷ್ಟು ಕೋರಿನದು ಅನ್ನೋದು ಪ್ರಶ್ನೆ.

ನಿಯಮ ಏನು ಹೇಳುತ್ತದೆ

ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮಗಳು 2010ರಲ್ಲಿ ಬಂದವು, 2023ರಲ್ಲಿ ಹೊಸದಾಗಿ ಬಂದವು. ಜಾಗ ಬದಲಿಸೋ ಮೋಟರ್, ಡ್ರಿಲ್, ವೆಲ್ಡಿಂಗ್ ಸೆಟ್ಟುಗಳ ಕೇಬಲ್ ಬಗ್ಗೆ ಅದರಲ್ಲಿರೋ ಮಾತು ಇಷ್ಟೇ: ದಪ್ಪ ಇನ್ಸುಲೇಷನ್ ಇರಬೇಕು, ಪೆಟ್ಟು ಬೀಳದಂಗೆ ರಕ್ಷಣೆ ಇರಬೇಕು, ಸಿಂಗಲ್ ಫೇಸ್ ಆದರೆ ಮೂರು ಕೋರ್, ತ್ರೀ ಫೇಸ್ ಆದರೆ ನಾಲ್ಕು ಕೋರ್ ಇರಬೇಕು, ಅದರಲ್ಲಿ ಅರ್ಥಿಂಗ್ ವೈರ್ ಯಾವುದು ಅಂತ ನೋಡಿದ ಕೂಡಲೇ ಗೊತ್ತಾಗಬೇಕು.

ತ್ರೀ ಫೇಸಿಗೆ ನಾಲ್ಕು ಕೋರ್. ಈಗ ಯಾವುದಾದರೂ ಕ್ವಾರಿಗೆ ಹೋಗಿ ನೆಲದ ಮೇಲಿನ ಕೇಬಲ್ ನೋಡಿ. ಎಷ್ಟೋ ಕಡೆ ಕಾಣೋದು ಬೋರ್‌ವೆಲ್ಲಿಗೆ ಬಿಡೋ ಚಪ್ಪಟೆ ಕೇಬಲ್. ಕೆಂಪು, ಹಳದಿ, ನೀಲಿ, ಮೂರೇ ಕೋರ್. ಅಂಗಡಿಯಲ್ಲಿ ಸಲೀಸಾಗಿ ಸಿಗುತ್ತದೆ, ರೇಟೂ ಕಡಿಮೆ, ನೀರಿಗೆ ತಡೆಯುತ್ತದೆ ಅಂತ ಹೆಸರೂ ಇದೆ. ಆದರೆ ಬೋರ್‌ವೆಲ್ ಮೋಟರ್ ನೂರಾರು ಅಡಿ ಕೆಳಗೆ ಇರುತ್ತದೆ, ಅದನ್ನು ಯಾರೂ ಮುಟ್ಟಿಕೊಂಡು ನಿಲ್ಲೋದಿಲ್ಲ. ವೈರ್ ಸಾ ಮಷಿನ್ನಿನ ಮೈಗೆ ಆಪರೇಟರ್ ದಿನಕ್ಕೆ ಎಷ್ಟು ಸಲ ಕೈ ಹಚ್ಚುತ್ತಾನೆ ಅಂತ ಎಣಿಸೋಕಾಗಲ್ಲ.

ದೊಡ್ಡ ಮೋಟರಿನಲ್ಲಿ ಇನ್ನೊಂದು ಸೂಕ್ಷ್ಮ ಇದೆ. 50 ಎಚ್‌ಪಿ ಮೋಟರ್ ಅಂದರೆ ಸುಮಾರು 70 ಆಂಪಿಯರ್ ಎಳೆಯುತ್ತದೆ. ಡ್ರೈವ್ ಇಲ್ಲದ ಕಡೆ ಅದಕ್ಕೆ ಸ್ಟಾರ್-ಡೆಲ್ಟಾ ಸ್ಟಾರ್ಟರ್ ಹಾಕುತ್ತಾರೆ. ಆಗ ಸ್ಟಾರ್ಟರಿನಿಂದ ಮೋಟರಿಗೆ ಆರು ವೈರ್ ಹೋಗಬೇಕು. ಆರು ವೈರ್ ಅಂದ ಕೂಡಲೇ ವೈರ್‌ಮನ್ ಎರಡು ಮೂರು ಕೋರ್ ಕೇಬಲ್ ಎಳೆಯುತ್ತಾನೆ. ಮೂರು ಮತ್ತು ಮೂರು ಆರು, ಲೆಕ್ಕ ಸರಿಹೋಯಿತು. ಏಳನೆಯದು, ಅಂದರೆ ಅರ್ಥಿಂಗ್, ಆ ಲೆಕ್ಕದಲ್ಲೇ ಬಿದ್ದುಹೋಯಿತು. ಮೋಟರ್ ಮಾತ್ರ ಚಂದ ಓಡುತ್ತದೆ. ಅರ್ಥಿಂಗ್ ಇಲ್ಲ ಅಂತ ಯಾವ ಮೋಟರೂ ನಿಲ್ಲೋದಿಲ್ಲ, ಅದೇ ದೊಡ್ಡ ತೊಂದರೆ. ಫೇಸ್ ಹೋದರೆ ಐದು ನಿಮಿಷದಲ್ಲಿ ಮಾಲೀಕರ ಫೋನ್ ಬರುತ್ತದೆ. ಅರ್ಥಿಂಗ್ ಹೋದರೆ ವರ್ಷಗಟ್ಟಲೆ ಯಾರಿಗೂ ಗೊತ್ತಾಗೋದಿಲ್ಲ.

'ರಾಡ್ ಬಡಿದೀವಿ ಬಿಡ್ರಿ'

ಅರ್ಥಿಂಗ್ ಕೇಳಿದರೆ ಬರೋ ಸಾಮಾನ್ಯ ಉತ್ತರ ಇದು. ಮಷಿನ್ ಪಕ್ಕದಲ್ಲೇ ಒಂದು ಕಬ್ಬಿಣದ ರಾಡ್ ಬಡಿದು, ಅದರಿಂದ ಮೋಟರಿಗೆ ಒಂದು ತಂತಿ ಕಟ್ಟಿರುತ್ತಾರೆ. ನೋಡೋಕೆ ಅರ್ಥಿಂಗ್ ಹಂಗೇ ಕಾಣುತ್ತದೆ. ಕೆಲಸ ಮಾಡುತ್ತದಾ ಅಂತ ಲೆಕ್ಕ ಹಾಕೋಣ.

ಕ್ವಾರಿ ಅಂದರೆ ಬಂಡೆ. ಬಂಡೆಯಲ್ಲಿ ಕರೆಂಟ್ ಸಲೀಸಾಗಿ ಹರಿಯೋದಿಲ್ಲ. ಉದಾಹರಣೆಗೆ ರಾಡಿನ ರೆಸಿಸ್ಟೆನ್ಸ್ 10 ಓಮ್ ಅಂತ ಇಟ್ಟುಕೊಳ್ಳಿ, ಬಂಡೆಯಲ್ಲಿ ಅಷ್ಟು ಸಿಕ್ಕರೆ ಅದೃಷ್ಟ. ಟಿಸಿ ಕಡೆಯ ಅರ್ಥಿಂಗ್ 5 ಓಮ್. ಒಟ್ಟು 15. ಕೇಬಲ್ ಕೊಯ್ದು ಒಂದು ಫೇಸ್ ಮೋಟರಿನ ಮೈಗೆ ತಾಗಿತು, 240 ವೋಲ್ಟ್. 240 ಭಾಗಿಸು 15, ಅಂದರೆ 16 ಆಂಪಿಯರ್. ಎಪ್ಪತ್ತು ಆಂಪಿಯರ್ ಎಳೆಯೋ ಮೋಟರಿಗೆ ಹಾಕಿದ ಫ್ಯೂಸಿಗೆ 16 ಆಂಪಿಯರ್ ಲೆಕ್ಕಕ್ಕೇ ಇಲ್ಲ. ಅದು ಸುಮ್ಮನಿರುತ್ತದೆ. ಅಷ್ಟು ಹೊತ್ತೂ ಮಷಿನ್ನಿನ ಮೈ ಮೇಲೆ ಸುಮಾರು 160 ವೋಲ್ಟ್ ನಿಂತಿರುತ್ತದೆ, ಕೆಳಗೆ ನೀರಲ್ಲಿ ಆಪರೇಟರ್ ನಿಂತಿರುತ್ತಾನೆ.

ಅದಕ್ಕೇ ನಾಲ್ಕನೇ ಕೋರ್. ಕೇಬಲ್ಲಿನ ಒಳಗೇ ಇರೋ ತಾಮ್ರದ ದಾರಿ ಬಂಡೆಯನ್ನು ನಂಬಿ ಕೂರೋದಿಲ್ಲ, ನೇರ ಬೋರ್ಡಿಗೆ ವಾಪಸ್ ಹೋಗುತ್ತದೆ. ಘಟಕಕ್ಕೆ ಸ್ವಂತ ಟಿಸಿ ಅಥವಾ ಜನರೇಟರ್ ಇದ್ದು, ಅದರ ನ್ಯೂಟ್ರಲ್ ಅರ್ಥಿಂಗ್ ಜೊತೆ ಬೋರ್ಡಿನ ಅರ್ಥಿಂಗ್ ಪಟ್ಟಿ ಸರಿಯಾಗಿ ಜೋಡಿಸಿದ್ದರೆ ಆ ದಾರಿಯಲ್ಲಿ ನೂರಾರು ಆಂಪಿಯರ್ ನುಗ್ಗುತ್ತದೆ, ಫ್ಯೂಸ್ ಸುಟ್ಟೇ ಸುಡುತ್ತದೆ. ಕೇಬಲ್ ಮಷಿನ್ ಜೊತೆ ಸರಿದಾಗ ಅರ್ಥಿಂಗ್ ಕೂಡ ಜೊತೆಗೇ ಸರಿಯುತ್ತದೆ. ರಾಡಿಗೆ ಕಟ್ಟಿದ ತಂತಿ ಮಷಿನ್ ಸರಿದ ದಿನವೇ ಕಿತ್ತು ಬಂದಿರುತ್ತದೆ, ಮತ್ತೆ ಕಟ್ಟೋ ನೆನಪು ಯಾರಿಗೂ ಇರೋದಿಲ್ಲ.

ಹೆಸ್ಕಾಂನ ಸಾಮಾನ್ಯ ಎಲ್‌ಟಿ ಲೈನಿನಿಂದ ಕರೆಂಟ್ ತಗೊಂಡ ಸಣ್ಣ ಘಟಕಗಳಲ್ಲಿ ನಾಲ್ಕನೇ ಕೋರ್ ಒಂದೇ ಸಾಲದು. ಅಲ್ಲಿ ಬೋರ್ಡಿನ ಅರ್ಥಿಂಗ್ ಕೂಡ ಕೊನೆಗೆ ನೆಲದ ಮೂಲಕವೇ ಟಿಸಿಗೆ ಹೋಗಬೇಕು. ಹಾಗಾಗಿ ಅರ್ಥ್ ಲೀಕೇಜ್ ಹಿಡಿಯೋ ಸಾಧನ ಬೇಕು. ಇದನ್ನೂ ಅದೇ ನಿಯಮ ಹೇಳುತ್ತದೆ. 'ಎಂಸಿಬಿ ಐತಲ್ಲ' ಅನ್ನೋರಿಗೆ ಒಂದು ಲೆಕ್ಕ: ಒದ್ದೆ ಮೈಯ ಮನುಷ್ಯನ ರೆಸಿಸ್ಟೆನ್ಸ್ ಸುಮಾರು 1000 ಓಮ್ ಹಿಡಿದರೆ 240 ವೋಲ್ಟಿಗೆ ಅವನ ಮೈಯಲ್ಲಿ ಹರಿಯೋದು 0.24 ಆಂಪಿಯರ್. 63 ಆಂಪಿಯರಿನ ಎಂಸಿಬಿಗೆ ಅದು ಒಂದು ಸಣ್ಣ ಬಲ್ಬು. ಆದರೆ ಮನುಷ್ಯನಿಗೆ ಅದರ ಎಂಟನೇ ಒಂದು ಭಾಗ, ಅಂದರೆ 30 ಮಿಲಿ ಆಂಪಿಯರೇ ಅಪಾಯ. ಎಂಸಿಬಿ ಕಾಯೋದು ಕೇಬಲ್ಲನ್ನು, ಮನುಷ್ಯನನ್ನಲ್ಲ. ಕೈ ಕಟರ್, ಕೈ ಪಾಲಿಶರಿಗೆ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ, ದೊಡ್ಡ ಮೋಟರಿಗೆ ಅರ್ಥ್ ಲೀಕೇಜ್ ರಿಲೇ ಹಾಕಿಸಬೇಕು. ಪದೇ ಪದೇ ಟ್ರಿಪ್ ಆಗುತ್ತೆ ಅಂತ ಅದನ್ನು ಬೈಪಾಸ್ ಮಾಡೋದೂ ನಡೆಯುತ್ತದೆ. ಡ್ರೈವ್ ಇರೋ ಮಷಿನ್ನಿನಲ್ಲಿ ಸಾಮಾನ್ಯ ಆರ್‌ಸಿಸಿಬಿ ಸುಮ್ಮಸುಮ್ಮನೆ ಟ್ರಿಪ್ ಆಗೋದು ನಿಜ, ಅದಕ್ಕೆ ಡ್ರೈವಿಗೆ ಹೊಂದೋ ಸಾಧನ ಬೇರೆ ಬರುತ್ತದೆ. ಡ್ರೈವ್ ಇಲ್ಲದ ಕಡೆ ಟ್ರಿಪ್ ಆಗುತ್ತಿದ್ದರೆ ಎಲ್ಲೋ ಕರೆಂಟ್ ಸೋರುತ್ತಿದೆ ಅಂತಲೇ ಅರ್ಥ.

ಹಾಕೋ ರೀತಿ

ಬೋರ್ಡಿನಿಂದ ಕೆಲಸದ ಜಾಗದ ತನಕ ಆರ್ಮರ್ಡ್ ಕೇಬಲ್. ಅಲ್ಲಿ ಕಂಬಕ್ಕೆ ಒಂದು ಮುಚ್ಚಿದ ಜಂಕ್ಷನ್ ಬಾಕ್ಸ್. ಅಲ್ಲಿಂದ ಮಷಿನ್ ತನಕ ಮಾತ್ರ ಫ್ಲೆಕ್ಸಿಬಲ್. ಇದು ಸರಿಯಾದ ಕ್ರಮ. ಇಡೀ ದೂರಕ್ಕೂ ಫ್ಲೆಕ್ಸಿಬಲ್ಲೇ ಎಳೆದರೆ ಲಾರಿ ಗಾಲಿಗೂ ಸಿಗುತ್ತದೆ, ಕಲ್ಲಿನ ಅಂಚಿಗೂ ಸಿಗುತ್ತದೆ. ಕೇಬಲ್ ತೆಳ್ಳಗಾದರೆ ವೋಲ್ಟೇಜೂ ದಾರಿಯಲ್ಲೇ ಕರಗುತ್ತದೆ. 10 ಎಚ್‌ಪಿ ಮೋಟರಿಗೆ 2.5 ಎಂಎಂ ತಾಮ್ರದ ಕೇಬಲ್ 100 ಮೀಟರ್ ಎಳೆದರೆ ಸುಮಾರು 16 ವೋಲ್ಟ್ ಅಲ್ಲೇ ಹೋಯಿತು, 4 ಎಂಎಂ ಹಾಕಿದರೆ 10 ವೋಲ್ಟ್. ಉಳಿದ ಕೇಬಲ್ಲನ್ನು ಸುರುಳಿ ಸುತ್ತಿ ಬಿಸಿಲಲ್ಲಿ ಇಟ್ಟು ಓಡಿಸೋದು ಇನ್ನೂ ಕೆಟ್ಟದ್ದು, ಸುರುಳಿಯ ನಡುವಿನ ಬಿಸಿ ಹೊರಗೆ ಹೋಗೋದಿಲ್ಲ.

ಪಿವಿಸಿ ಕೇಬಲ್ ನೆರಳಿನ ಶೆಡ್ಡಿಗೆ ಸರಿ. ನಮ್ಮ ಬಿಸಿಲಿಗೆ ಅದು ಗಟ್ಟಿಯಾಗಿ ಸೀಳು ಬಿಡುತ್ತದೆ. ಎಳೆದಾಡೋ ಜಾಗಕ್ಕೆ ರಬ್ಬರ್ ಕೇಬಲ್ ಬೇಕು. ಅಂಗಡಿಯಲ್ಲಿ ಐಎಸ್ 9968 ಅಂತ ಕೇಳಿ, ಕೇಬಲ್ ಮೈ ಮೇಲಿನ ಅಚ್ಚು ಓದಿ. ಪಿವಿಸಿಗೆ ಐಎಸ್ 694. ಭಾರತದಲ್ಲಿ ಸಿಗೋ ನಾಲ್ಕು ಕೋರ್ ಕೇಬಲ್ಲಿನಲ್ಲಿ ನಾಲ್ಕನೆಯದು ಕಪ್ಪು ಇರೋದೇ ಹೆಚ್ಚು. ಅದರ ಎರಡೂ ತುದಿಗೆ ಹಸಿರು ತೋಳು ಹಾಕಿಸಿ, ಇಲ್ಲದಿದ್ದರೆ ಮುಂದಿನ ವೈರ್‌ಮನ್ ಅದನ್ನು ನ್ಯೂಟ್ರಲ್ ಅಂದುಕೊಳ್ಳುತ್ತಾನೆ. ಸ್ಟಾರ್-ಡೆಲ್ಟಾ ಆದರೆ ಎರಡೂ ಕೇಬಲ್ ನಾಲ್ಕು ಕೋರಿನವೇ ಇರಲಿ.

ಮೋಟರಿನ ಟರ್ಮಿನಲ್ ಬಾಕ್ಸಿಗೆ ಕೇಬಲ್ ಕೆಳಗಿನಿಂದ ಹೋಗಬೇಕು, ಹೋಗೋ ಮೊದಲು ಸ್ವಲ್ಪ ಜೋತು ಬಿದ್ದಿರಬೇಕು, ಆಗ ನೀರು ಆ ಜೋಲಿಯ ತುದಿಯಲ್ಲೇ ತೊಟ್ಟಿಕ್ಕುತ್ತದೆ, ಬಾಕ್ಸಿನೊಳಗೆ ಹೋಗೋದಿಲ್ಲ. ಕೇಬಲ್ ದಪ್ಪಕ್ಕೆ ಸರಿಯಾದ ಗ್ಲ್ಯಾಂಡ್ ಹಾಕಬೇಕು, ಬಟ್ಟೆ ತುರುಕಿ ತೂತು ಮುಚ್ಚೋದಲ್ಲ. ಎಳೆತವನ್ನು ಮಷಿನ್ನಿನ ಚೌಕಟ್ಟಿಗೆ ಹಾಕಿದ ಕ್ಲ್ಯಾಂಪ್ ತಡೆಯಬೇಕು, ಟರ್ಮಿನಲ್ ನಟ್ಟು ಅಲ್ಲ. ಲಗ್ ಒಳಗೆ ಹೋಗಲಿಲ್ಲ ಅಂತ ನಾಲ್ಕು ಎಳೆ ಕತ್ತರಿಸಿ ಹಾಕೋದು ಬಹಳ ಕಡೆ ಇದೆ, ಬಿಸಿಯಾಗಿ ಸುಡೋದು ಅಲ್ಲಿಂದಲೇ. ಇನ್ನೊಂದು ಹಳೇ ವೈರ್‌ಮನ್‌ಗಳ ಜಾಣತನ ಇದೆ, ಬಾಕ್ಸಿನೊಳಗೆ ಅರ್ಥಿಂಗ್ ಕೋರನ್ನು ಮೂರು ಫೇಸಿಗಿಂತ ಸ್ವಲ್ಪ ಉದ್ದ ಬಿಡೋದು. ಅಕಸ್ಮಾತ್ ಕೇಬಲ್ ಕಿತ್ತುಬಂದರೆ ಮೊದಲು ಫೇಸ್ ಕಳಚುತ್ತದೆ, ಅರ್ಥಿಂಗ್ ಕೊನೆಗೆ.

ಜಾಯಿಂಟ್ ಬಗ್ಗೆ ಹೆಚ್ಚು ಹೇಳೋದಿಲ್ಲ. ನೀರು ನಿಲ್ಲೋ ಜಾಗದಲ್ಲಿ ಕಪ್ಪು ಟೇಪ್ ಸುತ್ತಿದ ಜಾಯಿಂಟ್ ಇದ್ದರೆ ಆ ಕೇಬಲ್ ಬದಲಿಸಬೇಕು, ಅಷ್ಟೇ. ಟೇಪ್ ನಮ್ಮೂರಿನ ಸರ್ವರೋಗಕ್ಕೂ ಮದ್ದು, ನೀರಿಗೆ ಮಾತ್ರ ಅಲ್ಲ. ಮಳೆಗೆ ಮುಂಚೆ 500 ವೋಲ್ಟಿನ ಮೆಗ್ಗರ್ ಹಚ್ಚಿ ನೋಡಿದರೆ ಯಾವ ಕೇಬಲ್ ಒಳಗೇ ಕೊಳೆತಿದೆ ಅಂತ ಗೊತ್ತಾಗುತ್ತದೆ. 1 ಮೆಗಾ ಓಮ್‌ಗಿಂತ ಕೆಳಗೆ ಬಂದರೆ ಅದನ್ನು ಓಡಿಸಬಾರದು.

ಯಾರು ನೋಡಬೇಕು

ಮಾಲೀಕರ ಮಾತಲ್ಲೂ ಹುರುಳಿಲ್ಲ ಅಂತಲ್ಲ. ನಾಲ್ಕು ಕೋರ್ ಅಂದರೆ ತಾಮ್ರ ಮೂರನೇ ಒಂದು ಪಾಲು ಹೆಚ್ಚು, ರಬ್ಬರ್ ಅಂದರೆ ರೇಟು ಮತ್ತೂ ಹೆಚ್ಚು, ರಾತ್ರಿ ಕ್ವಾರಿಯಲ್ಲಿ ಬಿಟ್ಟ ತಾಮ್ರದ ಕೇಬಲ್ ಬೆಳಿಗ್ಗೆ ಇರುತ್ತೆ ಅನ್ನೋ ಭರವಸೆ ಇಲ್ಲ. ಆದರೂ ಒಂದು ಬ್ಲಾಕ್ ಕಲ್ಲಿನ ರೇಟಿನ ಮುಂದೆ ಒಂದು ಕೋರ್ ತಾಮ್ರದ ಉಳಿತಾಯ ಎಷ್ಟು ಅಂತ ಮಾಲೀಕರೇ ಲೆಕ್ಕ ಹಾಕಲಿ.

ಈಗ ಕಾನೂನು ಬದಲಾಗಿರೋ ಹೊತ್ತು. 2025ರ ನವೆಂಬರ್ 21ರಿಂದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. ಹಳೇ ಕಾರ್ಖಾನೆ ಕಾಯ್ದೆಯಲ್ಲಿ ಕರೆಂಟ್ ಬಳಸೋ ಕಡೆ 10 ಕಾರ್ಮಿಕರಿದ್ದರೆ ಅದು 'ಕಾರ್ಖಾನೆ'. ಹೊಸ ಸಂಹಿತೆಯಲ್ಲಿ 20. ಹನ್ನೆರಡು, ಹದಿನೈದು ಜನ ಕೆಲಸ ಮಾಡೋ ಪಾಲಿಶ್ ಘಟಕ ಈಗ ಕಾರ್ಖಾನೆ ಅನ್ನೋ ಲೆಕ್ಕದಿಂದ ಹೊರಗೆ. 10 ಜನರ ಮೇಲಿದ್ದರೆ 'ಸಂಸ್ಥೆ' ಅಂತ ಸಂಹಿತೆಯ ಕೆಳಗೇ ಬರುತ್ತದೆ ಅನ್ನೋದು ನಿಜ, ಆದರೆ ಕಾರ್ಖಾನೆಗೆ ಅಂತಲೇ ಇರೋ ನಿಗಾ ಅದಕ್ಕೆ ಉಳಿಯೋದಿಲ್ಲ. ಕ್ವಾರಿಗಳದ್ದು ಬೇರೆ, ಅವು ಗಣಿ ಸುರಕ್ಷತಾ ಮಹಾ ನಿರ್ದೇಶನಾಲಯದ ಕೆಳಗೆ ಬರುತ್ತವೆ.

ಕೇಬಲ್ಲಿನ ನಿಯಮಕ್ಕೆ ಮಾತ್ರ ಈ ತಲೆ ಎಣಿಕೆ ಸಂಬಂಧವೇ ಇಲ್ಲ. ಇಬ್ಬರೇ ಇರೋ ಶೆಡ್ಡಾದರೂ ತ್ರೀ ಫೇಸ್ ಮೋಟರಿಗೆ ನಾಲ್ಕು ಕೋರ್ ಬೇಕು, ಕೆಲಸ ಮಾಡಿದವನಿಗೆ ಲೈಸೆನ್ಸ್ ಇರಬೇಕು. ಇದನ್ನು ನೋಡಬೇಕಾದದ್ದು ರಾಜ್ಯದ ವಿದ್ಯುತ್ ಪರಿವೀಕ್ಷಣಾ ಇಲಾಖೆ. ಹೆಸ್ಕಾಂ ಅಲ್ಲ, ಪೊಲೀಸರೂ ಅಲ್ಲ. ಇಂಥದ್ದೊಂದು ಇಲಾಖೆ ಇದೆ ಅಂತಲೇ ಎಷ್ಟೋ ಕಾರ್ಮಿಕರಿಗೆ ಗೊತ್ತಿಲ್ಲ, ಹೊರ ರಾಜ್ಯದಿಂದ ಬಂದ ಹುಡುಗರಿಗಂತೂ ಗೊತ್ತಾಗೋ ದಾರಿಯೇ ಇಲ್ಲ.

ವಿದ್ಯುತ್ ಅವಘಡ ಆದರೆ 48 ಗಂಟೆಯೊಳಗೆ ವಿದ್ಯುತ್ ಪರಿವೀಕ್ಷಕರಿಗೆ ನಮೂನೆ 'ಎ'ಯಲ್ಲಿ ತಿಳಿಸಬೇಕು ಅಂತ 2003ರ ವಿದ್ಯುತ್ ಕಾಯ್ದೆಯ 161ನೇ ಕಲಮು ಮತ್ತು ಅದರ 2005ರ ನಿಯಮ ಹೇಳುತ್ತವೆ. ಆಮೇಲೆ ಪರಿವೀಕ್ಷಕರ ವರದಿ ಬರುತ್ತದೆ. ಯಾವ ಕೇಬಲ್, ಎಷ್ಟು ಕೋರ್, ಅರ್ಥಿಂಗ್ ಇತ್ತಾ, ಲೀಕೇಜ್ ರಿಲೇ ಇತ್ತಾ ಅನ್ನೋದು ಅದರಲ್ಲಿ ಬರಬೇಕು. ಪರಿಹಾರದ ಕೇಸು ನಿಲ್ಲೋದೂ ಬೀಳೋದೂ ಬಹಳ ಸಲ ಆ ಕಾಗದದ ಮೇಲೇ. ಮನೆಯವರು ಶವ ತಗೊಂಡು ಊರಿಗೆ ಹೋಗೋ ಅವಸರದಲ್ಲಿ ಎಫ್‌ಐಆರ್ ಪ್ರತಿ ಮಾತ್ರ ಕೇಳುತ್ತಾರೆ. ಪರಿವೀಕ್ಷಕರಿಗೆ ನಮೂನೆ 'ಎ' ಹೋಗಿದೆಯಾ ಅಂತಲೂ ಅದೇ ದಿನ ಕೇಳಬೇಕು, ತನಿಖೆ ಮುಗಿಯೋ ತನಕ ಆ ಕೇಬಲ್ಲನ್ನು ಅಲ್ಲಿಂದ ಎತ್ತದಂಗೆ ಠಾಣೆಯಲ್ಲಿ ಬರೆದುಕೊಡಬೇಕು.