ಪದವಿಯ ನಡುವೆ ನರ್ಸಿಂಗ್ ಆಸೆ: ಆನವಟ್ಟಿಯ ಮಕ್ಕಳಿಗೆ ದಾರಿ ಯಾವುದು?

ಸೊರಬ ತಾಲೂಕಿನ ಆನವಟ್ಟಿ ಭಾಗದಲ್ಲಿ ಬಿ.ಎ. ಓದುತ್ತಿರುವ ಮಗಳು "ಅಪ್ಪಾ, ನಾನು ನರ್ಸಿಂಗ್ ಮಾಡ್ತೀನಿ" ಎಂದರೆ ಹೆತ್ತವರು ಮೊದಲು ವಿಚಾರಿಸುವುದು ಶುಲ್ಕ ಎಷ್ಟೆಂದು. ಆದರೆ ಮೊದಲು ತೆಗೆದು ನೋಡಬೇಕಾದುದು ಆಕೆಯ ಪಿಯುಸಿ ಅಂಕಪಟ್ಟಿ.

ಭಾರತೀಯ ನರ್ಸಿಂಗ್ ಪರಿಷತ್ತಿನ 2021ರ ನಿಯಮದ ಪ್ರಕಾರ ನಾಲ್ಕು ವರ್ಷಗಳ ಬಿ.ಎಸ್ಸಿ. ನರ್ಸಿಂಗ್ ಸೇರಲು ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಹಾಗೂ ಇಂಗ್ಲಿಷ್ ಓದಿರಬೇಕು. ವಿಜ್ಞಾನ ವಿಷಯಗಳಲ್ಲಿ ಒಟ್ಟು ಶೇಕಡಾ 45 ಅಂಕ ಬೇಕು. ಪ್ರವೇಶ ಪರೀಕ್ಷೆಯೂ ಉಂಟು. ನಮ್ಮ ರಾಜ್ಯದಲ್ಲಿ ಸರ್ಕಾರಿ ಕೋಟಾದ ಸೀಟುಗಳನ್ನು ಸಿಇಟಿ ಮೂಲಕ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಹಂಚುತ್ತದೆ. ಬಿ.ಎ.ಯಲ್ಲಿ ಎಷ್ಟೇ ಒಳ್ಳೆಯ ಅಂಕ ಬಂದರೂ ಪಿಯುಸಿ ವಿಜ್ಞಾನದ ಕೊರತೆಯನ್ನು ಅದು ತುಂಬುವುದಿಲ್ಲ.

ಹಾಗೆಂದು ನಿರಾಶರಾಗಬೇಕಿಲ್ಲ. ಮೂರು ವರ್ಷಗಳ ಜಿಎನ್‌ಎಂ ಡಿಪ್ಲೊಮಾಗೆ ಕಲಾ, ವಾಣಿಜ್ಯ ವಿಭಾಗದವರೂ ಸೇರಬಹುದು. ಇಂಗ್ಲಿಷ್ ಸಹಿತ ಶೇಕಡಾ 40 ಅಂಕ ಸಾಕು; ವಯಸ್ಸು 35 ಮೀರಿರಬಾರದು. ಅದನ್ನು ಮುಗಿಸಿ ನೋಂದಣಿ ಮಾಡಿಸಿಕೊಂಡವರು ಎರಡು ವರ್ಷಗಳ ಪೋಸ್ಟ್ ಬೇಸಿಕ್ ಬಿ.ಎಸ್ಸಿ. ಮಾಡಿ ಪದವೀಧರರಾಗಬಹುದು. ಹಾಗಾಗಿ ಪಿಯುಸಿಯಲ್ಲಿ ವಿಜ್ಞಾನ ಓದಿಯೂ ಬಿ.ಎ. ಸೇರಿದವರು ಸಿಇಟಿಗೆ ಸಿದ್ಧರಾಗಲಿ. ಕಲಾ ವಿಭಾಗದವರು ಜಿಎನ್‌ಎಂ ವಿಚಾರಿಸಲಿ. ಇಬ್ಬರಿಗೂ ಇಂಗ್ಲಿಷ್ ಅಭ್ಯಾಸ ಅಗತ್ಯ; ಪಾಠಪುಸ್ತಕಗಳೂ ರೋಗಿಯ ದಾಖಲೆಗಳೂ ಹೆಚ್ಚಾಗಿ ಅದರಲ್ಲೇ ಇರುತ್ತವೆ.

ಮಲೆನಾಡಿನವರ ಕಣ್ಣು ಸಹಜವಾಗಿ ಮಂಗಳೂರಿನ ಕಡೆಗೂ ಹೋಗುತ್ತದೆ. 1880ರಲ್ಲಿ ಫಾದರ್ ಆಗಸ್ಟಸ್ ಮುಲ್ಲರ್ ಕಂಕನಾಡಿಯಲ್ಲಿ ತೆರೆದ ಸಣ್ಣ ಔಷಧಾಲಯ ಇಂದು ವೈದ್ಯಕೀಯ, ನರ್ಸಿಂಗ್ ಕಾಲೇಜುಗಳಿರುವ ದೊಡ್ಡ ಸಂಸ್ಥೆ. ಆದರೆ ಊರಿನ ಆಚೆ ಓದಲು ಹೊರಟವರ ಬೆನ್ನಿಗೆ ಮಧ್ಯವರ್ತಿಗಳೂ ಬೀಳುತ್ತಾರೆ. "ಸೀಟು ಗ್ಯಾರಂಟಿ" ಎಂದವರ ಕೈಗೆ ಮೂಲ ಅಂಕಪಟ್ಟಿ, ಮುಂಗಡ ಹಣ ಕೊಡಬೇಡಿ. ಬಿ.ಎಸ್ಸಿ. ಕಾಲೇಜಿಗೆ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಸಂಯೋಜನೆ ಇದೆಯೇ, ಓದಿದ ಮೇಲೆ ರಾಜ್ಯ ನರ್ಸಿಂಗ್ ಪರಿಷತ್ತಿನಲ್ಲಿ ನೋಂದಣಿ ಸಿಗುತ್ತದೆಯೇ, ಹಾಸ್ಟೆಲ್ ಸೇರಿ ಪೂರ್ತಿ ಅವಧಿಯ ಖರ್ಚೆಷ್ಟು ಎಂಬುದನ್ನು ಲಿಖಿತವಾಗಿ ಕೇಳಿ. ನೋಂದಣಿ ಇಲ್ಲದ ಪ್ರಮಾಣಪತ್ರದಿಂದ ನರ್ಸ್ ಕೆಲಸ ದಕ್ಕದು. ಕಟ್ಟಿದ ಸಾಲ ಮಾತ್ರ ಉಳಿಯುತ್ತದೆ.

ನಿಜವಾದ ತೀರ್ಮಾನ ಪದವಿಯಲ್ಲಿ ಅಲ್ಲ, ಹತ್ತನೇ ತರಗತಿ ಮುಗಿದಾಗಲೇ ಆಗುತ್ತದೆ. ಪಿಯುಸಿಗೆ ಯಾವ ವಿಭಾಗ ಎಂದು ಕೇಳುವ ಆ ಬೇಸಿಗೆಯಲ್ಲಿ ಶಿಕ್ಷಕರು, ಧರ್ಮಕೇಂದ್ರಗಳ ಯುವಜನ ಸಂಘಗಳು ಮನೆಮನೆಗೆ ಹೋಗಿ ಈ ಮಾತನ್ನು ತಿಳಿಸಿದರೆ, ಮಕ್ಕಳ ಮೂರು ವರ್ಷ ಉಳಿದೀತು.