ನೆಮ್ಮದಿಗೆ ಡೆಸಿಬಲ್ ಲೆಕ್ಕ ಸಾಲದು

ಹಾಸನದಿಂದ ಅರಕಲಗೂಡಿನತ್ತ ಹೋದಷ್ಟೂ ಸದ್ದು ಇಳಿಯುತ್ತದೆ, ಆದ್ದರಿಂದ ನೆಮ್ಮದಿ ಏರುತ್ತದೆ ಎಂಬುದು ಕಳೆದ ಸಂಚಿಕೆಯ ಲೇಖನದ ವಾದ. ಮೊಬೈಲ್ ಹಿಡಿದು ಡೆಸಿಬಲ್ ಎಣಿಸಿ ಹೊರಟುಹೋಗುವವರಿಗೆ ಇದು ಸರಿಯೆನಿಸೀತು. ಅಲ್ಲೇ ಬಾಳುವವರಿಗಲ್ಲ.

ಅಳತೆಯೇ ಬೇಡವೆಂದು ನಾನು ಹೇಳುತ್ತಿಲ್ಲ. 2000ದ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬಲ್ ಮಿತಿ ಹಾಕಿವೆ. ಆಸ್ಪತ್ರೆ, ಶಾಲೆಗಳ ಸುತ್ತಲಿನ ನಿಶ್ಶಬ್ದ ವಲಯಕ್ಕೆ 50 ಮತ್ತು 40. ಮೈಕಾಸುರನ ಹಾವಳಿ ತಡೆಯಲು ಈ ಅಂಕಿಗಳು ಬೇಕೇ ಬೇಕು. ಆದರೆ ಅವು ಸರಾಸರಿಯ ಲೆಕ್ಕ. ಚನ್ನರಾಯಪಟ್ಟಣದ ಹೆದ್ದಾರಿ ಬದಿಯ ಮನೆಯಲ್ಲಿ ನಡುರಾತ್ರಿ ಮಗುವನ್ನು ಬೆಚ್ಚಿಬೀಳಿಸಿದ ಲಾರಿಯ ಒಂದೇ ಹಾರ್ನ್ ಆ ಸರಾಸರಿಯಲ್ಲಿ ಕರಗಿಹೋಗುತ್ತದೆ.

ಇನ್ನು ಮೌನವೆಲ್ಲ ಶಾಂತಿಯೇ? ಕಾಡಾನೆ ಬಂದಿದೆಯೆಂಬ ಸುದ್ದಿ ಹಬ್ಬಿದ ರಾತ್ರಿ ಅರಕಲಗೂಡು ಕಡೆಯ ಹಳ್ಳಿಯಲ್ಲಿ ಸೂಜಿ ಬಿದ್ದರೂ ಕೇಳಿಸೀತು. ಕಣ್ಣಿಗೆ ನಿದ್ದೆ ಮಾತ್ರ ಹತ್ತದು. ಹೊಳೆನರಸೀಪುರದ ರೈತನಿಗೆ ಹೇಮಾವತಿ ನಾಲೆಯ ನೀರಿನ ಸದ್ದೇ ಜೋಗುಳ. ಅದು ನಿಂತ ದಿನ ಎದೆ ಹೊಡೆದುಕೊಳ್ಳುತ್ತದೆ. ಅತ್ತ 2018ರಲ್ಲಿ ಶ್ರವಣಬೆಳಗೊಳದ ಮಹಾಮಸ್ತಕಾಭಿಷೇಕಕ್ಕೆ ಲಕ್ಷಗಟ್ಟಲೆ ಜನ ಸೇರಿದ್ದು ಮೌನವನ್ನು ಅರಸಿಯಲ್ಲ. ಜಯಘೋಷದ ನಡುವೆಯೇ ಅವರು ಸಮಾಧಾನ ಕಂಡರು.

ಮಕ್ಕಳೆಲ್ಲ ಬೆಂಗಳೂರು ಸೇರಿ, ಮುದುಕರಷ್ಟೇ ಉಳಿದ ಬೀದಿಯೂ ಆ ಲೇಖನ ಬರೆದವರ ಡೆಸಿಬಲ್ ಮೀಟರಿನಲ್ಲಿ ಮೊದಲ ಸ್ಥಾನ ಪಡೆದೀತು. ಅದನ್ನು ನೆಮ್ಮದಿ ಎನ್ನುವುದು ಕ್ರೌರ್ಯ. ಮುಂದಿನ ಸಲ ಅವರು ಮೀಟರ್ ತರಲಿ, ಜೊತೆಗೆ ಮನೆಮನೆಗೂ ಹೋಗಿ ಕೇಳಲಿ: ಈ ಸದ್ದು ಯಾರದು, ಯಾವ ಹೊತ್ತಿನದು, ರಾತ್ರಿ ನಿದ್ದೆ ಬರುತ್ತದೆಯೇ?