ಸಹಿ ಬಿತ್ತು, ಕಾಗದ ಓದಿದರೇ?

ರಿಜಿಸ್ಟರ್ ಕಾಗದದೊಡನೆ ಮರುರಸೀದಿಯನ್ನೂ ಲಗತ್ತಿಸಿ ಕಳುಹಿಸುತ್ತಿದ್ದ ಕಾಲ ಹಿರಿಯ ವಾಚಕರಿಗೆ ನೆನಪಿರಬಹುದು. ನಮ್ಮ ಮನೆಗೆ ಒಮ್ಮೆ ಅಂಥದೊಂದು ಕಾಗದ ಬಂದಿತು. ಅಡಿಗೆಮನೆಯಿಂದ ಕೈ ಒರೆಸಿಕೊಳ್ಳುತ್ತ ಬಂದ ಅತ್ತೆಯವರು ಸಹಿ ಹಾಕಿದರು; ಕಾಗದವನ್ನು ದೇವರ ಪಟದ ಹಿಂದೆ ಸಿಕ್ಕಿಸಿದರು; ಒಲೆಯ ಮೇಲಿನ ಹಾಲು ನೆನಪಾಗಿ ಒಳಕ್ಕೆ ಓಡಿದರು. ರಸೀದಿ ಕಳುಹಿಸಿದವರ ಕೈ ಸೇರಿತು, ಅವರು ನಿಶ್ಚಿಂತರಾದರು. ಕಾಗದವನ್ನು ಒಡೆದು ಓದಿದ್ದು ಮಾತ್ರ ತಿಂಗಳ ಮೇಲೆ, ನಿಶ್ಚಿತಾರ್ಥದ ದಿನ ಕಳೆದ ಬಳಿಕ!

ಈ ಹಳೆಯ ಕಥೆ ಈಚೆಗೆ ನೆನಪಾದುದು ಪರಿಚಿತ ತರುಣನೊಬ್ಬನ ಕೆಲಸದ ಮೇಜಿನ ಮುಂದೆ. ಅವನು ಬ್ಯಾಟರಿಯಿಂದ ಓಡುವ ಪುಟ್ಟ ಗಾಡಿಯೊಂದನ್ನು ಕಟ್ಟುತ್ತಿದ್ದನು. ಮೋಟಾರು ಕೈ ಸುಡುವಷ್ಟು ಕಾದಿದ್ದರೂ ಪರದೆಯ ಮೇಲೆ ೩೦ ಡಿಗ್ರಿ ಎಂಬ ಅಂಕಿ ಅಲುಗದೆ ನಿಂತಿದ್ದಿತು. ಎರಡು ದಿನ ತಂತಿಗಳನ್ನು ತಡಕಿದರೂ ದೋಷ ಸಿಕ್ಕಲಿಲ್ಲ.

ಆ ಗಾಡಿಯ ಭಾಗಗಳು ತಮ್ಮೊಳಗೆ ಮಾತನಾಡುತ್ತಿದ್ದುದು ‘ಕ್ಯಾನ್’ ಎಂಬ ಏರ್ಪಾಡಿನಿಂದ. ಜರ್ಮನಿಯ ಬಾಷ್ ಸಂಸ್ಥೆ ೧೯೮೩ರಲ್ಲಿ ಇದರ ಕೆಲಸವನ್ನಾರಂಭಿಸಿ, ೧೯೮೬ರಲ್ಲಿ ಅಮೆರಿಕದ ಡೆಟ್ರಾಯಿಟ್ ನಗರದಲ್ಲಿ ಲೋಕದ ಮುಂದಿಟ್ಟಿತು. ಇಂದು ಕಾರುಗಳ ಬ್ರೇಕು, ಎಂಜಿನು, ಬಾಗಿಲುಗಳೆಲ್ಲ ಈ ಬಗೆಯ ಜೋಡಿ ತಂತಿಗಳ ಮೇಲೆ ಸುದ್ದಿ ಸಾರುತ್ತವೆ. ಸಾರುತ್ತವೆ ಎಂದೆವಷ್ಟೆ! ಇದು ವಿಳಾಸವುಳ್ಳ ಕಾಗದವಲ್ಲ, ಊರ ಡಂಗುರ. ಪ್ರತಿ ಸಂದೇಶಕ್ಕೂ ಒಂದು ಸಂಖ್ಯೆಯುಂಟು. ಅದು ‘ಯಾರಿಗೆ’ ಎಂದು ಹೇಳುವುದಿಲ್ಲ, ‘ಯಾವ ವಿಷಯ’ ಎಂದು ಹೇಳುತ್ತದೆ. ಇಬ್ಬರು ಒಮ್ಮೆಲೇ ಬಾಯಿ ತೆರೆದರೆ ಚಿಕ್ಕ ಸಂಖ್ಯೆಯವನು ಮುಂದುವರಿಯುವನು, ಇನ್ನೊಬ್ಬನು ಸುಮ್ಮನಾಗಿ ಕಾಯುವನು. ಸಾಮಾನ್ಯ ಕ್ರಮದಲ್ಲಿ ಈ ಸಂಖ್ಯೆಗೆ ೧೧ ಬಿಟ್ಟುಗಳು, ಅಂದರೆ ಸೊನ್ನೆ ಅಥವಾ ಒಂದು ಕೂರುವ ೧೧ ಸ್ಥಾನಗಳು.

ಎಲ್ಲ ಡಂಗುರಕ್ಕೂ ಕಿವಿಗೊಡುತ್ತ ಕುಳಿತರೆ ಮೈಕ್ರೋಕಂಟ್ರೋಲರಿಗೆ ಸ್ವಂತ ಕೆಲಸ ನಡೆಯದು. ಆದುದರಿಂದ ಅದರೊಳಗೆ ಕ್ಯಾನ್ ನಿಯಂತ್ರಕವೆಂಬ ಬಾಗಿಲಕಾವಲುಗಾರನಿದ್ದಾನೆ. ಇವನ ಕೈಯಲ್ಲೊಂದು ಮಾದರಿ ಸಂಖ್ಯೆ, ಅದರ ಜೊತೆಗೊಂದು ‘ಮಾಸ್ಕ್’. ತರುಣನು ಬಳಸಿದ್ದ ಎಸ್‌ಟಿಎಂ೩೨ ಎಫ್೧೦೩ ಎಂಬ ಬಿಲ್ಲೆಯಲ್ಲಿ, ಮಾಸ್ಕಿನಲ್ಲಿ ೧ ಇರುವ ಸ್ಥಾನಗಳು ಮಾದರಿಯೊಡನೆ ಹೊಂದಲೇಬೇಕು. ೦ ಇರುವಲ್ಲಿ ಏನಿದ್ದರೂ ಸರಿ. ಕೊನೆಯ ೩ ಸ್ಥಾನಗಳನ್ನು ಸಡಿಲ ಬಿಟ್ಟರೆ ೨೫೬ರಿಂದ ೨೬೩ರವರೆಗಿನ ೮ ಸಂದೇಶಗಳು ಒಳಬರುವುವು. ನಮ್ಮ ತರುಣನು ಎರಡನ್ನು ಮಾತ್ರ ಸಡಿಲ ಬಿಟ್ಟಿದ್ದನು. ೨೫೯ಕ್ಕೇ ಬಾಗಿಲು ಮುಚ್ಚಿತು. ಮೋಟಾರಿನ ಕಾವನ್ನು ಹೇಳುವ ಸಂದೇಶದ ಸಂಖ್ಯೆಯೋ, ೨೬೦!

ಹಾಗಾದರೆ ಕಳುಹಿಸಿದವನಿಗೆ ಅನುಮಾನವೇಕೆ ಬರಲಿಲ್ಲ? ಇಲ್ಲಿಯೇ ಅತ್ತೆಯವರ ಸಹಿಯ ಮರ್ಮವಿರುವುದು. ಸಂದೇಶವು ತಪ್ಪಿಲ್ಲದೆ ಬಂದಿತೆಂದರೆ ತಂತಿಯ ಮೇಲಿರುವ ನಿಯಂತ್ರಕಗಳು ಒಡನೆಯೇ ರಸೀದಿ ಕೊಡುತ್ತವೆ. ಅದು ತಮಗೆ ಬೇಕಾದುದೇ, ಬೇಡವೇ ಎಂಬ ವಿಚಾರ ಅಲ್ಲಿಲ್ಲ. ಬಾಗಿಲಲ್ಲೇ ತಿರಸ್ಕರಿಸುವ ಸಂದೇಶಕ್ಕೂ ಸಹಿ ಬೀಳುತ್ತದೆ. ‘ಕಾಗದ ಹರಿಯದೆ ತಲಪಿತು’ ಎಂಬುದಷ್ಟೇ ಅದರ ಅರ್ಥ, ‘ಓದಿದೆವು’ ಎಂದಲ್ಲ.

ಬಾಗಿಲು ದಾಟಿದ ಮೇಲೂ ಗಂಡಾಂತರವುಂಟು. ಈ ಬಿಲ್ಲೆಯೊಳಗೆ ಸಂದೇಶಗಳು ಕಾಯುವ ಸಾಲುಗಳು ಎರಡು. ಒಂದೊಂದರಲ್ಲಿ ಮೂರಕ್ಕೇ ಜಾಗ. ನಾಲ್ಕನೆಯದು ಬಂದರೆ? ಸಾಲಿಗೆ ಬೀಗ ಹಾಕಿದ್ದರೆ ಹೊಸಬನು ಹೊರಗುಳಿಯುವನು. ಹಾಕದಿದ್ದರೆ ಸಾಲಿನ ಕಡೆಯವನನ್ನು ಅಳಿಸಿ ಅವನ ಜಾಗದಲ್ಲಿ ಕೂರುವನು. ಕ್ಷಣಕ್ಷಣಕ್ಕೂ ಬದಲಾಗುವ ಕಾವಿನ ಅಂಕಿಗೆ ಹೊಸ ಸುದ್ದಿಯೇ ಮೇಲು. ಒಂದರ ಮೇಲೊಂದು ಅನುಕ್ರಮವಾಗಿ ಬರಬೇಕಾದ ಆಜ್ಞೆಗಳಿಗಾದರೋ ನಡುವೆ ಒಂದು ಕಳೆದರೂ ಅನರ್ಥ. ಸಾಲು ತುಂಬಿ ಹರಿದುದಕ್ಕೆ ಸಣ್ಣದೊಂದು ಬಾವುಟವೇನೋ ಏಳುತ್ತದೆ. ಆದರೆ ಪ್ರೋಗ್ರಾಂ ಅದನ್ನು ಕಣ್ಣೆತ್ತಿ ನೋಡಬೇಕಲ್ಲ!

ತಿಳಿದ ಎಂಜಿನಿಯರುಗಳು ಆದುದರಿಂದ ರಸೀದಿಯನ್ನು ನಂಬಿ ಕೂರುವುದಿಲ್ಲ. ಮುಖ್ಯವಾದ ಸುದ್ದಿಯನ್ನು ಗೊತ್ತಾದ ಅವಧಿಗೊಮ್ಮೆ ಮತ್ತೆ ಮತ್ತೆ ಕಳುಹಿಸುವಂತೆ ಏರ್ಪಡಿಸುತ್ತಾರೆ. ಪಡೆಯುವವನು ಗಡಿಯಾರವಿಟ್ಟುಕೊಂಡು ಕಾಯುವಂತೆಯೂ ಮಾಡುತ್ತಾರೆ. ಹೊತ್ತಿಗೆ ಸರಿಯಾಗಿ ಸುದ್ದಿ ಬಾರದಿದ್ದರೆ ಹಳೆಯ ಅಂಕಿಯನ್ನು ತೋರಿಸುತ್ತ ನಿಲ್ಲುವುದಲ್ಲ, ‘ಸುದ್ದಿ ಇಲ್ಲ’ ಎಂದು ಕೂಗಿಕೊಳ್ಳಬೇಕು. ತರುಣನ ಪರದೆಯ ಮೇಲಿದ್ದ ೩೦ ಡಿಗ್ರಿ, ಪ್ರೋಗ್ರಾಂ ಬರೆಯುವಾಗ ಅವನೇ ತುಂಬಿಟ್ಟಿದ್ದ ಅಂಕಿ. ಅದನ್ನು ಯಾರೂ ಕಳುಹಿಸಿಯೇ ಇರಲಿಲ್ಲ.

ಮಾಸ್ಕಿನ ಒಂದು ಸ್ಥಾನವನ್ನು ೧ರಿಂದ ೦ಗೆ ತಿದ್ದಿದೊಡನೆ ಅಂಕಿ ಸರಸರನೆ ಮೇಲೇರಿತು. ತರುಣನು ಬೆಚ್ಚಿ ಮೋಟಾರನ್ನು ನಿಲ್ಲಿಸಿದನು.

ಮನೆಗೆ ಬಂದು ನಾನು ಮಾಡಿದ ಮೊದಲ ಕೆಲಸವನ್ನೂ ಹೇಳಿಬಿಡುತ್ತೇನೆ. ಬೆಳಗ್ಗೆ ನನ್ನಾಕೆ ಏನನ್ನೋ ಹೇಳಿದಾಗ ಪತ್ರಿಕೆಯಿಂದ ತಲೆಯೆತ್ತದೆ ‘ಹೂಂ’ ಎಂದಿದ್ದೆ. ಅದೇನೆಂದು ಮತ್ತೊಮ್ಮೆ ಕೇಳಿಕೊಂಡೆ.